ಹಾಲ್ಟಿಂಗ್ ಬಸ್ಸಿನ ಸಂಸಾರ

(ಶಿವಮೊಗ್ಗದಲ್ಲಿ ‘ಕುಟುಂಬ ಮತ್ತು ಸೇವೆ’ ಎಂಬ ವಿಷಯವಾಗಿ ಆಡಿದ ಮಾತುಗಳ ಬರಹ ರೂಪ)

ಪಾಸ್ಟರಾದ ನಮ್ಮವರು, ನಾನು, ಇಬ್ಬರು ಮಕ್ಕಳು, ನಾವು ಗಾಡಿಯಲ್ಲಿ ಸಂಸಾರ ಮಾಡಿದವರು ಅಂತ ಗೊತ್ತಾದ ಕೂಡಲೇ ಜನ ಕೇಳುವ ಮೊದಲ ಪ್ರಶ್ನೆ ದೇವರದ್ದಲ್ಲ, ಕಕ್ಕಸಿನದ್ದು. ಗಂಡಸರು ಸುತ್ತಿ ಬಳಸಿ ಕೇಳುತ್ತಾರೆ, ಹೆಂಗಸರು ನೇರವಾಗಿ. ಹಾಗಾಗಿ ಅದನ್ನೇ ಮೊದಲು ಹೇಳಿ ಮುಗಿಸುತ್ತೇನೆ. ಇರಲಿಲ್ಲ. ನಾಲ್ಕು ಜನ ಮಲಗಲಿಕ್ಕೆ ಜಾಗ ಇತ್ತು, ಒಲೆ ಇತ್ತು, ನೂರು ಲೀಟರಿನ ನೀರಿನ ಟ್ಯಾಂಕು, ಒಂದು ಫ್ಯಾನು, ಎರಡು ದೀಪ ಇದ್ದವು. ಅದೊಂದು ಇರಲಿಲ್ಲ. ಯಾರದಾದರೂ ಅಂಗಳದಲ್ಲಿ ಗಾಡಿ ನಿಲ್ಲಿಸಬೇಕು, ಅವರ ಹಿತ್ತಲು, ಅವರ ಬಚ್ಚಲು ಕೇಳಿಕೊಳ್ಳಬೇಕು. ಮೊದಲ ತಿಂಗಳು ನನಗೆ ಅದಕ್ಕಿಂತ ದೊಡ್ಡ ಅವಮಾನ ಇಲ್ಲ ಅನ್ನಿಸಿತ್ತು. ಈಗ ನೋಡಿದರೆ, ನಾವು ಮಾಡಿದ ಸೇವೆ ಅಂತ ಏನಾದರೂ ಇದ್ದರೆ ಅದರ ಮುಕ್ಕಾಲು ಪಾಲು ಆ ಕೊರತೆಯಿಂದಲೇ ಹುಟ್ಟಿದ್ದು.

ಗಾಡಿಯಲ್ಲಿ ವಾಸ ಮಾಡುವ ಯೋಚನೆ ನಮ್ಮ ಸ್ವಂತದ್ದಲ್ಲ. 2016ರಲ್ಲಿ ಬೆಂಗಳೂರಿನ ಒಂದು ಸೇವಕರ ಶಿಬಿರಕ್ಕೆ ಅಮೆರಿಕದಿಂದ ಒಂದು ಕುಟುಂಬ ಬಂದಿತ್ತು. ಗಂಡ, ಹೆಂಡತಿ, ನಾಲ್ಕು ಮಕ್ಕಳು. ಆರು ವರ್ಷದಿಂದ ಅವರಿಗೆ ಮನೆ ಅಂತ ಇಲ್ಲ, ಆರ್.ವಿ. ಅಂದರೆ ಮನೆಯ ಹಾಗೆ ಮಾಡಿದ ಗಾಡಿಯಲ್ಲೇ ವಾಸ. ಅಲ್ಲಿ ಅದೊಂದು ದೊಡ್ಡ ಉದ್ಯಮ. ಇಂಡಿಯಾನಾ ರಾಜ್ಯದ ಎಲ್ಕಾರ್ಟ್ ಅನ್ನುವ ಊರಿನ ಸುತ್ತಮುತ್ತ ಕಾರ್ಖಾನೆಗಳು ತುಂಬಿಕೊಂಡಿರುವುದೇ ಅದಕ್ಕಾಗಿ. ನಮ್ಮ ಬಸ್ಸಿನಷ್ಟು ದೊಡ್ಡವು ಇವೆ, ಪಿಕಪ್ಪಿನ ಹಿಂದೆ ಕಟ್ಟಿ ಎಳೆಯುವ ಟ್ರೇಲರುಗಳೂ ಇವೆ. ಪಾತ್ರೆ ತೊಳೆದ ನೀರಿಗೆ ಒಂದು ಟ್ಯಾಂಕು, ಕಕ್ಕಸಿಗೆ ಬೇರೆ ಟ್ಯಾಂಕು. ತುಂಬಿದರೆ ಖಾಲಿ ಮಾಡಲಿಕ್ಕೆ ದಾರಿಯಲ್ಲಿ ಅದಕ್ಕೆಂದೇ ಮಾಡಿದ ಜಾಗಗಳು. ಶನಿವಾರ ಯಾವುದೋ ಚರ್ಚಿನ ಪಾರ್ಕಿಂಗಿನಲ್ಲಿ ಗಾಡಿ ನಿಲ್ಲಿಸಿ ಕರೆಂಟಿನ ಪ್ಲಗ್ಗು ಚುಚ್ಚುತ್ತಾರೆ. ಭಾನುವಾರ ಅಪ್ಪನ ಪ್ರಸಂಗ ಅಂದರೆ ಉಪದೇಶ, ಮಕ್ಕಳ ಹಾಡು, ಒಂದು ಕಾಣಿಕೆ. ಸೋಮವಾರ ಮುಂದಿನ ಊರು. ಮಕ್ಕಳಿಗೆ ಅಮ್ಮನೇ ಟೀಚರು. 1993ರ ಹೊತ್ತಿಗೇ ಅಲ್ಲಿಯ ಐವತ್ತೂ ರಾಜ್ಯಗಳಲ್ಲಿ ಮನೆಯಲ್ಲಿ ಓದಿಸುವುದಕ್ಕೆ ಕಾನೂನಿನ ಒಪ್ಪಿಗೆ ಸಿಕ್ಕಿತ್ತು. ನಿವೃತ್ತರದ್ದು ಇನ್ನೊಂದು ಬಗೆ. ಮೆಥಡಿಸ್ಟರಲ್ಲಿ ‘ನೋಮ್ಯಾಡ್ಸ್’ ಅಂತ ಒಂದು ಗುಂಪಿದೆ, ವಯಸ್ಸಾದ ದಂಪತಿಗಳು ತಮ್ಮ ತಮ್ಮ ಆರ್.ವಿ.ಗಳಲ್ಲಿ ಹೋಗಿ ಚರ್ಚುಗಳಿಗೆ, ಅನಾಥಾಲಯಗಳಿಗೆ ಬಣ್ಣ ಬಳಿಯುವುದು, ಮಾಡು ರಿಪೇರಿ ಮಾಡುವುದು ಇತ್ಯಾದಿ ಮಾಡಿಕೊಡುತ್ತಾರೆ. ಪ್ರಸಂಗಕ್ಕಿಂತ ನನಗೆ ಆ ಬಡಗಿ ಕೆಲಸವೇ ಹೆಚ್ಚು ಹಿಡಿಸಿತು, ಅದು ಬೇರೆ ಮಾತು.

ಅವರು ಇನ್ನೊಂದು ವಿಷಯ ಹೇಳಿದರು, ನನಗೆ ಮರೆಯಲಿಕ್ಕೇ ಆಗಿಲ್ಲ. ಮೋಟಾರು ಗಾಡಿ ಬರುವುದಕ್ಕೆ ಮುಂಚೆ ಅಲ್ಲಿ ರೈಲಿನಲ್ಲಿ ಚರ್ಚು ಓಡುತ್ತಿತ್ತಂತೆ. ಆಮೇಲೆ ಓದಿ ನೋಡಿದೆ, ನಿಜ. 1891ರಲ್ಲಿ ಬ್ಯಾಪ್ಟಿಸ್ಟರು ‘ಇವ್ಯಾಂಜೆಲ್’ ಅನ್ನುವ ಬೋಗಿಯನ್ನು ಹಳಿಯ ಮೇಲೆ ಬಿಟ್ಟರು. ಹೀಗೇ ಒಟ್ಟು ಏಳು ಬೋಗಿ ಮಾಡಿಸಿದರು. ಆಮೇಲೆ ಕ್ಯಾಥೊಲಿಕರೂ ಮೂರು ಮಾಡಿಸಿದರು. ಒಳಗೆ ಬೆಂಚುಗಳ ಸಾಲು, ವೇದಿಕೆ, ಹಾರ್ಮೋನಿಯಮ್ಮಿನ ಹಾಗೆ ಒಂದು ಆರ್ಗನ್. ರೈಲು ಕಂಪನಿಗಳು ಎಷ್ಟೋ ಸಲ ಬಾಡಿಗೆ ಕೇಳದೆ ಎಳೆದುಕೊಂಡು ಹೋಗಿ, ಚರ್ಚಿಲ್ಲದ ಊರಿನ ಪಕ್ಕದ ಹಳಿಯಲ್ಲಿ ಬಿಟ್ಟು ಬರುತ್ತಿದ್ದವು. ವೇದಿಕೆಯ ಹಿಂದೆ ಒಂದು ಬಾಗಿಲು. ಬಾಗಿಲ ಆಚೆ ಸಣ್ಣ ಅಡುಗೆಮನೆ, ಹಾಸಿಗೆ. ಬೋಧಕ ಮತ್ತು ಅವನ ಹೆಂಡತಿ ಅಲ್ಲೇ ವಾಸ. ಆ ಬೋಗಿಗಳ ಫೋಟೋ ನೋಡಿದಾಗ ಎಲ್ಲರೂ ಬೆಂಚು ನೋಡುತ್ತಾರೆ. ನಾನು ಆ ಬಾಗಿಲು ನೋಡಿದೆ. ಊರಿನ ಜನ ಆರಾಧನೆಗೆ ಬಂದು ಕೂತಾಗ ಆಕೆ ಎಲ್ಲಿ ಬಟ್ಟೆ ಒಣಗಿಸುತ್ತಿದ್ದಳೋ.

ಶಿಬಿರದಿಂದ ವಾಪಸು ಬರುವಾಗ ಬಸ್ಸಿನಲ್ಲಿ ನಮ್ಮವರ ಕಣ್ಣು ಹೊಳೆಯುತ್ತಿತ್ತು. ನಾನು ಹೇಳಿದೆ, ಅವರಿಗೆ ಗಾಡಿ ಬೇಕಾಗಿದ್ದು ದೂರಕ್ಕೆ. ನಮಗೆ ದೂರ ಎಲ್ಲಿದೆ? ಶಿವಮೊಗ್ಗದಿಂದ ತೀರ್ಥಹಳ್ಳಿಗೋ ಸಾಗರಕ್ಕೋ ಅರವತ್ತು, ಎಪ್ಪತ್ತು ಕಿಲೋಮೀಟರು. ಬೆಳಿಗ್ಗೆ ಹೋಗಿ ಸಂಜೆ ಬರಬಹುದು. ನಮ್ಮವರು ಅಂದರು, “ಸಂಜೆ ಬರಬಹುದು ಅನ್ನೋದೇ ತೊಂದರೆ.”

ಮಲೆನಾಡಿನವರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ. ಇಲ್ಲಿ ಮನೆಗಳು ಬೀದಿಯಲ್ಲಿ ಇಲ್ಲ. ತೋಟಕ್ಕೊಂದು ಮನೆ, ಗುಡ್ಡಕ್ಕೊಂದು ಮನೆ, ನಡುವೆ ಒಂದು ಹಳ್ಳ. ಮುಖ್ಯ ರಸ್ತೆಯಿಂದ ಎರಡು ಮೂರು ಮೈಲಿ ಒಳಗೆ. ನಮ್ಮವರು ಆಗ ಬಸ್ಸಿನಲ್ಲೇ ಹೋಗುತ್ತಿದ್ದರು. ಹತ್ತು ಗಂಟೆಗೆ ಇಳಿದು ನಡೆದು ಮನೆ ಮುಟ್ಟುವಾಗ ಗಂಡಸರು ತೋಟದಲ್ಲಿ, ಹೆಂಗಸರು ಕೂಲಿಯಲ್ಲಿ. ಮನೆಯಲ್ಲಿ ಒಬ್ಬ ಅಜ್ಜಿ, ಒಂದು ನಾಯಿ. ಜನ ಮನೆಗೆ ಬರುವ ಹೊತ್ತಿಗೆ ಇವರ ಕೊನೆ ಬಸ್ಸಿನ ಹೊತ್ತು. ಒಂದು ಪ್ರಾರ್ಥನೆ, ಅರ್ಧ ಲೋಟ ಕಾಫಿ, ಓಟ. ಶೃಂಗೇರಿ ಕಡೆಯ ಒಂದು ಎಸ್ಟೇಟಿನ ಲೈನ್ ಮನೆಯಲ್ಲಿದ್ದ ವಿಧವೆಯೊಬ್ಬರು ಹೇಳಿದ್ದರಂತೆ: “ಅಯ್ಯನೋರೆ, ಹಗಲು ನಂಗೇನೂ ಕಷ್ಟ ಇಲ್ಲ. ಹಗಲು ಕೆಲಸ ಇರ್ತದೆ. ನೀವು ಬರೋದು ಹಗಲು.”

ನಿಮ್ಮೂರಿಗೆ ಹಾಲ್ಟಿಂಗ್ ಬಸ್ಸು ಬರುತ್ತಿದ್ದರೆ ನೆನಪು ಮಾಡಿಕೊಳ್ಳಿ. ರಾತ್ರಿ ಬಂದು ಊರಲ್ಲೇ ನಿಂತು, ಡ್ರೈವರು ಕಂಡಕ್ಟರು ಅಲ್ಲೇ ಮಲಗಿ, ಬೆಳಗಿನ ಜಾವ ಹೊರಡುವ ಬಸ್ಸು. ಬೇರೆ ಬಸ್ಸಿನ ಕಂಡಕ್ಟರ ಹೆಸರು ಯಾರಿಗೂ ಗೊತ್ತಿರುವುದಿಲ್ಲ. ಹಾಲ್ಟಿಂಗ್ ಬಸ್ಸಿನವನಿಗೆ ಮಾತ್ರ ಯಾರ ಮನೆಯಲ್ಲಿ ಮದುವೆ, ಯಾರ ಮಗ ಬೆಂಗಳೂರಿಂದ ಬಂದಿಲ್ಲ, ಎಲ್ಲ ಗೊತ್ತು. ಅವನಿಗೆ ಊರಿನವರು ಸಾರು ತಂದುಕೊಡುತ್ತಾರೆ. ನಮಗೆ ಬೇಕಾಗಿದ್ದು ಅದು. ಓಡುವುದಕ್ಕೆ ಗಾಡಿ ಅಲ್ಲ, ನಿಲ್ಲುವುದಕ್ಕೆ ಗಾಡಿ.

ಈ ಕಡೆ ಕ್ರೈಸ್ತರು ಎಲ್ಲಿದ್ದಾರೆ ಅಂತ ಕೆಲವರಿಗೆ ಆಶ್ಚರ್ಯ. ಶಿವಮೊಗ್ಗದಲ್ಲಿ ಬಿ.ಎಚ್. ರಸ್ತೆಯ ದೊಡ್ಡ ಚರ್ಚು ಎಲ್ಲರಿಗೂ ಕಾಣುತ್ತದೆ. ಕ್ಯಾಥೊಲಿಕರಿಗೆ ಇಲ್ಲಿ 1988ರಿಂದ ಸ್ವಂತ ಧರ್ಮಕ್ಷೇತ್ರ, ಅಂದರೆ ಒಬ್ಬ ಬಿಷಪ್ಪರ ಆಡಳಿತದ ಪ್ರದೇಶ, ಇದೆ. ಎನ್.ಆರ್. ಪುರದ ಕಡೆ ಕೇರಳದಿಂದ ಬಂದು ರಬ್ಬರು ಹಾಕಿದವರಿದ್ದಾರೆ. ಕೇರಳ ಮೂಲದ ಕ್ಯಾಥೊಲಿಕ್ ಪಂಗಡವಾದ ಸಿರೋ ಮಲಬಾರ್ ಸಭೆಯ ಭದ್ರಾವತಿ ಧರ್ಮಕ್ಷೇತ್ರ 2007ರಲ್ಲಿ ಆಯಿತು. ಕರಾವಳಿಯಿಂದ ಘಟ್ಟ ಹತ್ತಿದ ಕೊಂಕಣಿ ಮನೆಗಳಿವೆ. ಭದ್ರಾವತಿಯ ಉಕ್ಕಿನ ಕಾರ್ಖಾನೆಗೆ, ಕಾಗದದ ಕಾರ್ಖಾನೆಗೆ ಕೆಲಸಕ್ಕೆ ಬಂದು ನೆಲೆಸಿದವರ ಮೊಮ್ಮಕ್ಕಳಿದ್ದಾರೆ. ಇವರಿಗೆಲ್ಲ ಚರ್ಚುಗಳಿವೆ. ನಾವು ಹುಡುಕಿಕೊಂಡು ಹೋದದ್ದು ಇವರು ಯಾರೂ ಅಲ್ಲದವರನ್ನು: ಎಲ್ಲಿಂದಲೋ ಬಂದು ತೋಟದ ಕೆಲಸಕ್ಕೆ ಸೇರಿದ ಒಂದೊಂದೇ ಕುಟುಂಬ, ಶುಂಠಿ ಗುತ್ತಿಗೆಯವರ ಜೊತೆ ಬಂದ ಆಳುಗಳು, ಮದುವೆಯಾಗಿ ಬಂದು ಊರಿಗೆ ಒಬ್ಬಳೇ ಆದ ಹೆಂಗಸು. ಅಂಥ ಮೂವತ್ತೊಂದು ಮನೆಗಳ ಪಟ್ಟಿ ನಮ್ಮ ಹತ್ತಿರ ಇತ್ತು.

ಗಾಡಿಯ ಕಥೆ ಚಿಕ್ಕದಾಗಿ ಹೇಳುತ್ತೇನೆ. 2009ರ ಒಂದು ಟೆಂಪೊ ಟ್ರಾವೆಲರ್, ಸೆಕೆಂಡ್ ಹ್ಯಾಂಡು. ನನ್ನ ಟೀಚರ್ ಕೆಲಸದ ಉಳಿತಾಯ, ಇವರ ಅಣ್ಣ ಕೊಟ್ಟ ಸಾಲ. ಸಾಗರ ರಸ್ತೆಯ ಆಟೊ ಕಾಂಪ್ಲೆಕ್ಸಿನಲ್ಲಿ ಸೀಟು ಬಿಚ್ಚಿಸಿ, ಹಿಂದೆ ಮಂಚ, ಅಡಿಯಲ್ಲಿ ಪೆಟ್ಟಿಗೆ, ಪಕ್ಕದಲ್ಲಿ ಮಡಚುವ ಹಲಗೆ, ಮೇಲೆ ಸೋಲಾರ್ ಪ್ಯಾನಲ್ಲು. ಅಡುಗೆಗೆ ಐದು ಕೆ.ಜಿ.ಯ ಸಿಲಿಂಡರು. ಒಂದು ತಪ್ಪು ಮಾಡಿದೆವು: ಮೊದಲು ಕೇಳದೆ ಸೀಟು ಬಿಚ್ಚಿಸಿದ್ದು. ಮೋಟಾರು ವಾಹನ ಕಾಯ್ದೆಯ 52ನೇ ಸೆಕ್ಷನ್ ಪ್ರಕಾರ ನೋಂದಣಿ ಪುಸ್ತಕದಲ್ಲಿ ಇರುವುದಕ್ಕೆ ಹೊಂದದ ಹಾಗೆ ಗಾಡಿಯನ್ನು ಮಾರ್ಪಡಿಸುವಂತಿಲ್ಲ, ಮೊದಲು ಒಪ್ಪಿಗೆ ಬೇಕು. ಕಾಗದ ಸರಿಯಾಗುವ ತನಕ ಎರಡು ತಿಂಗಳು ಗಾಡಿ ನಿಂತಲ್ಲೇ ನಿಂತಿತು. ನಿಮ್ಮಲ್ಲಿ ಯಾರಿಗಾದರೂ ಇಂಥ ಯೋಚನೆ ಇದ್ದರೆ ಮೊದಲು ಕಾಗದ, ಆಮೇಲೆ ಸ್ಪ್ಯಾನರು.

ಹಿಂದೆ ಗಾಜಿನ ಮೇಲೆ ಒಂದು ವಚನ ಬರೆಸಿದೆವು. “ಯೆಹೋವನು ನನಗೆ ಕುರುಬನು, ಕೊರತೆಪಡೆನು.” ಆ ಕೊನೆಯ ಪದದ ಮೇಲೆ ಕಣ್ಣಿಟ್ಟಿರಿ, ಮತ್ತೆ ಬರುತ್ತದೆ.

2017ರ ನವೆಂಬರಿನಲ್ಲಿ ಹೊರಟೆವು. ಮಗಳಿಗೆ ಐದು, ಮಗನಿಗೆ ಎರಡು. ನವೆಂಬರಿಂದ ಮೇ ತನಕ ತಿರುಗಾಟ, ಮಳೆಗಾಲಕ್ಕೆ ಶಿವಮೊಗ್ಗದ ಬಾಡಿಗೆ ಮನೆ. ಇದು ನಮ್ಮ ಜಾಣತನ ಏನಲ್ಲ. ಯಕ್ಷಗಾನ ಮೇಳದವರು ಮಾಡುವುದೂ ಅದೇ. ಸನ್ಯಾಸಿಗಳು ಚಾತುರ್ಮಾಸ್ಯಕ್ಕೆ ಕೂರುವುದೂ ಅದೇ. ನೂರೈವತ್ತು ವರ್ಷದ ಹಿಂದೆ ಬಾಸೆಲ್ ಮಿಷನ್ನಿನವರೂ ಮಳೆ ಬಿಟ್ಟ ಮೇಲೇ ಊರೂರು ಹೊರಡುತ್ತಿದ್ದರು. ಮಲೆನಾಡಿನ ಮಳೆ ಯಾವ ಧರ್ಮದವರಿಗೂ ರಿಯಾಯಿತಿ ಕೊಡುವುದಿಲ್ಲ.

ಬಾಸೆಲ್ ಮಿಷನ್ ಅಂದಾಗ ಒಂದು ಮಾತು. ಅವರು 1834ರಲ್ಲಿ ಮಂಗಳೂರಿಗೆ ಬಂದರು, 1843ರಲ್ಲಿ ಮೋಗ್ಲಿಂಗ್ ‘ಮಂಗಳೂರ ಸಮಾಚಾರ’ ಪತ್ರಿಕೆ ತೆಗೆದರು, 1894ರಲ್ಲಿ ಕಿಟ್ಟೆಲ್ ಅವರ ನಿಘಂಟು ಬಂತು. ಇದೆಲ್ಲ ನಮಗೆ ಬಾಯಿಪಾಠ. ಕಿಟ್ಟೆಲ್ ಅವರ ಹೆಂಡತಿ ಪಾಲೀನ್ ಇಲ್ಲೇ ತೀರಿಕೊಂಡರು, ಆಮೇಲೆ ಅವರು ಪಾಲೀನ್ ಅವರ ಸೋದರಿ ಜೂಲಿಯನ್ನು ಮದುವೆಯಾದರು ಅನ್ನುವುದು ಎಷ್ಟು ಜನಕ್ಕೆ ಗೊತ್ತು? ಸೋದರಿ ಸತ್ತ ದೇಶಕ್ಕೆ ಹಡಗು ಹತ್ತಿದ ಆ ಹೆಂಗಸಿನ ಬಗ್ಗೆ ಯಾರಾದರೂ ಒಂದು ಉಪನ್ಯಾಸ ಇಟ್ಟರೆ ನಾನು ಮುಂದಿನ ಸಾಲಿನಲ್ಲಿ ಕೂರುತ್ತೇನೆ. ಬೈಬಲ್ಲಿನಲ್ಲಿ ಪೌಲನ ಜೊತೆ ಗುಡಾರ ಹೊಲಿದ ಪ್ರಿಸ್ಕಿಲ್ಲ ಒಬ್ಬಳ ಹೆಸರು ಮಾತ್ರ ಗಂಡನ ಹೆಸರಿಗಿಂತ ಮುಂದೆ ಬರುತ್ತದೆ, ಅದೂ ಎಲ್ಲ ಕಡೆ ಅಲ್ಲ.

ಇರಲಿ. ದಾರಿಯ ಮಾತಿಗೆ ಬರೋಣ. ಆಗುಂಬೆಯ ಹದಿನಾಲ್ಕು ತಿರುವು ಇಳಿಯುವ ಧೈರ್ಯ ನಾವು ಮಾಡಲಿಲ್ಲ, ನಮ್ಮ ಮನೆಗಳೂ ಘಟ್ಟದ ಮೇಲೇ ಇದ್ದವು. ಮಕ್ಕಳಿಗೆ ಬಹಳ ಇಷ್ಟವಾಗಿದ್ದು ಹೊಳೆಬಾಗಿಲು. ಲಿಂಗನಮಕ್ಕಿ ಅಣೆಕಟ್ಟಿನ ಹಿನ್ನೀರು ದಾಟಿ ಸಿಗಂದೂರು, ತುಮರಿ ಕಡೆ ಹೋಗಬೇಕಾದರೆ ಆಗ ಲಾಂಚೇ ಗತಿ. ಬಸ್ಸು, ಜೀಪು, ಬೈಕು, ಹಸು, ಮದುವೆ ದಿಬ್ಬಣ ಎಲ್ಲ ಒಂದೇ ಲಾಂಚಿನ ಮೇಲೆ. ನಮ್ಮ ಮನೆ ಗಾಡಿಯ ಮೇಲೆ, ಗಾಡಿ ಲಾಂಚಿನ ಮೇಲೆ, ಲಾಂಚು ನೀರಿನ ಮೇಲೆ, ನೀರಿನ ಅಡಿಯಲ್ಲಿ ಊರು. ಮಗಳು ಕಿಟಕಿಯಿಂದ ಬಗ್ಗಿ, ಕೆಳಗೆ ಮುಳುಗಿದ ಊರಿನವರು ಈಗ ಎಲ್ಲಿ ಮಲಗುತ್ತಾರೆ ಅಂತ ಕೇಳಿದಳು. ಪಕ್ಕದಲ್ಲಿದ್ದ ಒಬ್ಬರು, “ನಾವೇ ಮಗಾ ಅವರು” ಅಂದರು. 2025ರ ಜುಲೈಯಲ್ಲಿ ಅಲ್ಲಿ ಎರಡೂವರೆ ಕಿಲೋಮೀಟರಿಗೆ ಸ್ವಲ್ಪ ಕಡಿಮೆ ಉದ್ದದ ಸೇತುವೆ ಆಯಿತಲ್ಲ, ಆ ದಿನ ಟಿ.ವಿ.ಯಲ್ಲಿ ನೋಡುತ್ತ ನನಗೆ ಆ ಮನುಷ್ಯರ ನೆನಪಾಯಿತು. ಐವತ್ತು ಅರವತ್ತು ವರ್ಷ ಕೊನೆ ಲಾಂಚು ತಪ್ಪುತ್ತದೋ ಏನೋ ಅಂತ ಗಡಿಯಾರ ನೋಡಿಕೊಂಡು ಬದುಕಿದವರು ಅವರು.

ಹೆಗ್ಗೋಡಿನ ಹತ್ತಿರ ಒಂದು ಕಡೆ ಗಾಡಿ ನಿಲ್ಲಿಸಿದಾಗ ಹುಡುಗರ ಗುಂಪು ಬಂದು “ಈ ಸಲ ಯಾವ ನಾಟಕ?” ಅಂತ ಕೇಳಿತು. ನೀನಾಸಂ ತಿರುಗಾಟ 1985ರಿಂದ ಊರೂರು ಹೋಗುತ್ತದಲ್ಲ, ನಾವೂ ಅವರೇ ಅಂದುಕೊಂಡಿದ್ದರು. ನಮ್ಮವರು ಇಲ್ಲ ಅಂದಾಗ ಹುಡುಗರ ಮುಖ ಸಣ್ಣದಾಗಿದ್ದು ನೋಡಬೇಕಿತ್ತು.

ಈಗ ಅಡಿಕೆ ಸುಲಿತದ ರಾತ್ರಿ. ನಾನು ಇವತ್ತು ಬೇರೆ ಏನನ್ನೂ ಹೇಳದೆ ಇದೊಂದನ್ನೇ ಹೇಳಿ ಕೂತರೂ ಸಾಕಿತ್ತು.

ಹೊರಟು ಮೂರನೇ ವಾರ. ತೀರ್ಥಹಳ್ಳಿ ತಾಲ್ಲೂಕಿನ ಒಂದು ಮನೆ. ನಮ್ಮ ಪಟ್ಟಿಯ ಹೆಂಗಸು ಅಲ್ಲಿ ಸುಲಿತಕ್ಕೆ ಬರುತ್ತಿದ್ದಳು, ಅವಳ ಮನೆಯ ಹತ್ತಿರ ಗಾಡಿ ಹೋಗುವ ದಾರಿ ಇರಲಿಲ್ಲ. ಹಾಗಾಗಿ ತೋಟದವರ ಅಂಗಳದಲ್ಲೇ ನಿಲ್ಲಿಸಲು ಕೇಳಿಕೊಂಡೆವು. ರಾತ್ರಿ ಎಂಟು ಗಂಟೆಗೆ ಜಗಲಿಯಲ್ಲಿ ಹದಿನೈದಿಪ್ಪತ್ತು ಜನ, ಎದುರಿಗೆ ಮೆಟ್ಟುಗತ್ತಿ, ನಡುವೆ ಹಸಿ ಅಡಿಕೆ ರಾಶಿ. ಆಚೆ ಒಲೆಯ ಮೇಲೆ ಹಂಡೆಯಲ್ಲಿ ಚೊಗರು, ಅಂದರೆ ಅಡಿಕೆ ಬೇಯಿಸುವ ರಸ, ಕುದಿಯುವ ವಾಸನೆ. ನಮ್ಮವರು ಬೈಬಲ್ ಹಿಡಿದುಕೊಂಡು, ಯಾವಾಗ ಬಿಡುವಾಗುತ್ತದೋ ಅಂತ ಕಾಯುತ್ತ ಕೂತರು. ಬಿಡುವು ಆಗುವುದೇ ಇಲ್ಲ ಅಂತ ನನಗೆ ಗೊತ್ತಿತ್ತು. ಡಬ್ಬಕ್ಕೆ ಇಷ್ಟು ಅಂತ ಕೂಲಿ, ಕೈ ನಿಂತರೆ ದುಡ್ಡು ನಿಂತಿತು. ಮಕ್ಕಳು ಮಲಗಿದ ಮೇಲೆ ನಾನೂ ಒಂದು ಮೆಟ್ಟುಗತ್ತಿ ಕೇಳಿ ಕೂತೆ. ಬರುತ್ತಿರಲಿಲ್ಲ. ಅವರು ಹತ್ತು ಸುಲಿಯುವಾಗ ನನ್ನದು ಒಂದು, ಅದೂ ಹೋಳು. ಎಲ್ಲರೂ ನಕ್ಕರು. ನಾನು ಸುಲಿದಿದ್ದನ್ನು ಅವಳ ಡಬ್ಬಕ್ಕೆ ಹಾಕಿದೆ.

ಹನ್ನೊಂದು ಗಂಟೆ ಹೊತ್ತಿಗೆ ಪಕ್ಕದಲ್ಲಿ ಕೂತವಳು ಮಾತಾಡಲಿಕ್ಕೆ ಶುರು ಮಾಡಿದಳು. ಹಗಲು ಇವರು ಮೂರು ಸಲ ಭೇಟಿ ಮಾಡಿದಾಗ “ದೇವರ ದಯೆ, ಎಲ್ಲ ಚೆನ್ನಾಗಿದೀವಿ” ಅಂತಲೇ ಹೇಳಿದವಳು. ಅವತ್ತು ಹೇಳಿದ್ದನ್ನು ಇಲ್ಲಿ ಹೇಳುವುದಿಲ್ಲ, ಅದು ಅವಳದ್ದು. ಆದರೆ ಯಾಕೆ ಹೇಳಿದಳು ಅನ್ನುವುದನ್ನು ಹೇಳಬಹುದು. ಮೆಟ್ಟುಗತ್ತಿಯ ಮುಂದೆ ಕೂತರೆ ಕಣ್ಣು ಕತ್ತಿಯ ಮೇಲೇ ಇರಬೇಕು, ಇಲ್ಲದಿದ್ದರೆ ಬೆರಳು ಹೋಗುತ್ತದೆ. ಅವಳು ನನ್ನ ಮುಖ ನೋಡಬೇಕಾಗಿರಲಿಲ್ಲ, ನಾನು ಅವಳದ್ದು ನೋಡಬೇಕಾಗಿರಲಿಲ್ಲ. ಕ್ಯಾಥೊಲಿಕರು ಪಾಪನಿವೇದನೆಗೆ ಕೂರುವ ಜಾಗದಲ್ಲಿ ನಡುವೆ ಒಂದು ಜಾಲರಿ ಇರುತ್ತದಲ್ಲ, ಯಾಕೆ ಅಂತ ಆ ರಾತ್ರಿ ಅರ್ಥವಾಯಿತು. ನಾನು ಉಪದೇಶ ಮಾಡಲಿಲ್ಲ. ಹ್ಞೂಂ ಅಂದೆ. ಬೆಳಿಗ್ಗೆ ನೋಡಿದರೆ ಕೈಯೆಲ್ಲ ಚೊಗರಿನ ಕಪ್ಪು. ಹದಿನೈದು ದಿನ ಹೋಗಲಿಲ್ಲ. ಮುಂದಿನ ಮನೆಗಳಲ್ಲಿ ಹೆಂಗಸರು ಮೊದಲು ನೋಡಿದ್ದು ಆ ಕೈಯನ್ನೇ. ನಾನು ಪಾಸ್ಟರ ಹೆಂಡತಿ ಅಂತ ಇವರು ಹೇಳುವಷ್ಟರಲ್ಲಿ ಅವರು ಮಣೆ ಹಾಕಿ ಆಗಿರುತ್ತಿತ್ತು. ಈಗ ಸುಲಿಯುವ ಯಂತ್ರ ಬಂದಿದೆ, ಕೆಲಸ ಬೇಗ ಆಗುತ್ತದೆ, ಒಳ್ಳೆಯದೇ. ಯಂತ್ರದ ಸದ್ದಿನಲ್ಲಿ ಮಾತು ಕೇಳುವುದಿಲ್ಲ, ಅಷ್ಟೇ.

ಎಲ್ಲ ಅಂಗಳಗಳೂ ಹೀಗೆ ಇರಲಿಲ್ಲ. “ಮತಾಂತರಕ್ಕೆ ಬಂದಿದೀರಾ?” ಅಂತ ಕೇಳಿದವರು ಇದ್ದಾರೆ. 2021ರ ಡಿಸೆಂಬರಿನಲ್ಲಿ ಬೆಳಗಾವಿ ಅಧಿವೇಶನದಲ್ಲಿ ಮತಾಂತರ ತಡೆಯುವ ಮಸೂದೆ ಬಂದು, ಮುಂದಿನ ವರ್ಷ ಕಾಯ್ದೆಯಾದ ಹೊತ್ತಿನಲ್ಲಿ ಅದು ಹೆಚ್ಚಾಯಿತು. ಒಂದು ಊರಿನಲ್ಲಿ ರಾತ್ರಿ ಒಂಬತ್ತು ಗಂಟೆಗೆ ಹತ್ತು ಹನ್ನೆರಡು ಹುಡುಗರು ಬಂದು ಗಾಡಿಯ ಸುತ್ತ ನಿಂತರು. ಒಳಗೆ ಮಕ್ಕಳು. ಹೆದರಿಕೆ ಆಗಲಿಲ್ಲ ಅಂದರೆ ಸುಳ್ಳು. ನಮ್ಮವರು ಬಾಗಿಲು ತೆಗೆದು, ಒಳಗೆ ಬಂದು ನೋಡಿ ಅಂದರು. ಬಂದರು. ಮಂಚ, ಒಲೆ, ಮಗನ ಚಡ್ಡಿ ಒಣಗಿ ಹಾಕಿದ ಹಗ್ಗ. ಅವರಲ್ಲಿ ಒಬ್ಬ ಸೋಲಾರಿಗೆ ಎಷ್ಟಾಯಿತು ಅಂತ ಕೇಳಿದ. ಇನ್ನೊಬ್ಬ ಫೋಟೋ ತೆಗೆದ. ಬೆಳಿಗ್ಗೆ ಹೊರಟುಬಿಡಿ ಅಂದರು, ನಾವು ಹೊರಟೆವು. ಅಲ್ಲಿಂದ ಈಚೆಗೆ ಎಲ್ಲಿ ನಿಲ್ಲಿಸಿದರೂ ಮೊದಲು ಬೀಟ್ ಪೊಲೀಸರಿಗೆ ಫೋನು ಮಾಡಿ, ಇಂಥವರು, ಇಂಥ ಮನೆಗೆ ಬಂದಿದ್ದೇವೆ, ಇಷ್ಟು ದಿನ ಇರುತ್ತೇವೆ ಅಂತ ಹೇಳುತ್ತೇವೆ.

ಆ ಹುಡುಗರ ಮೇಲೆ ನನಗೆ ಸಿಟ್ಟಿಲ್ಲ ಅಂತ ಹೇಳಿದರೆ ನೀವು ನಂಬುವುದಿಲ್ಲ. ಇದೆ. ಆದರೆ ನಮ್ಮ ಕ್ರೈಸ್ತರಲ್ಲೇ ಕೆಲವರ ಮೇಲೂ ಇದೆ. ಗಾಡಿಗೆ ಮೈಕು ಕಟ್ಟಿಕೊಂಡು ಬಂದು, ಬಸ್ ಸ್ಟ್ಯಾಂಡಿನಲ್ಲಿ 500 ಕರಪತ್ರ ಹಂಚಿ, ಫೋಟೋ ತೆಗೆಸಿಕೊಂಡು, ಸಂಜೆಯೊಳಗೆ ಪೇಟೆ ಸೇರುವವರು ಇದ್ದಾರಲ್ಲ. ಅವರು ಹೋದ ಮೇಲೆ ಆ ಊರಿನಲ್ಲಿ ಉಳಿಯುವುದು ಒಂದೇ ಒಂದು ಕ್ರೈಸ್ತ ಮನೆ, ಮತ್ತು ಊರಿನವರ ಕೆಂಗಣ್ಣು. ರಾತ್ರಿ ಅಲ್ಲೇ ಮಲಗಬೇಕು ಅಂತಿದ್ದರೆ ಬಾಯಿಯಿಂದ ಬರುವ ಮಾತೇ ಬೇರೆ ಥರ ಇರುತ್ತದೆ.

2019ರ ಬೇಸಿಗೆಯ ಬಗ್ಗೆ ಹೆಚ್ಚು ಹೇಳುವುದಿಲ್ಲ. ಸಾಗರ ತಾಲ್ಲೂಕಿನ ಅರಲಗೋಡು ಸುತ್ತ ಮಂಗನ ಕಾಯಿಲೆ ಎದ್ದಿತ್ತು. 1957ರಲ್ಲಿ ಸೊರಬದ ಕ್ಯಾಸನೂರು ಕಾಡಿನಲ್ಲಿ ಮೊದಲು ಗುರುತಿಸಿದ ಕಾಯಿಲೆ, ಉಣ್ಣೆ ಹುಳು ಕಚ್ಚಿ ಬರುತ್ತದೆ, ನಾವು ತಿರುಗುವ ತಿಂಗಳುಗಳೇ ಅದರ ತಿಂಗಳುಗಳು. ಹುಳು ಹತ್ತದ ಹಾಗೆ ಕೈಕಾಲಿಗೆ ಡಿ.ಎಂ.ಪಿ. ಎಣ್ಣೆ ಸವರಿಕೊಂಡು ಕೆಲವು ದಿನ ಇದ್ದೆವು. ಮಗನ ಕಿವಿಯ ಹಿಂದೆ ಒಂದು ಉಣ್ಣೆ ಸಿಕ್ಕಿದ ದಿನ ನಾನು ಇವರನ್ನು ಕೇಳದೆ ಗಾಡಿಗೆ ಸಾಮಾನು ತುಂಬಿದೆ. ವಿಶ್ವಾಸ ಕಡಿಮೆ ಅಂತ ಆಮೇಲೆ ಯಾರೋ ಅಂದರು. ಇರಬಹುದು.

ಇನ್ನು ಲಾಕ್‌ಡೌನು. 2020ರ ಮಾರ್ಚ್ ಮಧ್ಯದಲ್ಲಿ ಶಾಲೆಗೆ ರಜೆ ಕೊಟ್ಟರು. ಒಂದು ವಾರ ಹೋಗಿ ಬರೋಣ ಅಂತ ಹೊಸನಗರದ ಕಡೆ ಹೊರಟೆವು. 24ರ ರಾತ್ರಿ ಪ್ರಧಾನಿ ಟಿ.ವಿ.ಯಲ್ಲಿ ಮಾತಾಡಿದಾಗ ನಾವು ಒಬ್ಬ ಅಡಿಕೆ ಬೆಳೆಗಾರರ ಅಂಗಳದಲ್ಲಿದ್ದೆವು. ಅವರು ಕ್ರೈಸ್ತರಲ್ಲ. ಅವರ ತೋಟದ ಆಳಿನ ಮನೆ ನಮ್ಮ ಪಟ್ಟಿಯಲ್ಲಿತ್ತು, ಅಷ್ಟೇ ಸಂಬಂಧ. ಎರಡು ರಾತ್ರಿ ಅಂತ ಕೇಳಿದ್ದ ಜಾಗದಲ್ಲಿ ನಲವತ್ತೊಂದು ದಿನ ಇದ್ದೆವು. ಬೈಬಲ್ಲಿನಲ್ಲಿ ಮತ್ತೆ ಮತ್ತೆ ಬರುವ ಸಂಖ್ಯೆ ನಲವತ್ತು, ಅಷ್ಟೇ ಆಗಿದ್ದರೆ ಸಭೆಯಲ್ಲಿ ಸಾಕ್ಷಿ ಹೇಳಲಿಕ್ಕೆ ಚೆಂದ ಇರುತ್ತಿತ್ತು, ಆದರೆ ನಾನು ಎಣಿಸಿದ್ದೇನೆ, ನಲವತ್ತೊಂದು.

ಆ ಮನೆಯಲ್ಲಿ ಒಬ್ಬ ಅಜ್ಜಿ. ಎಂಬತ್ತು ದಾಟಿತ್ತು. ಮೊದಲ ದಿನವೇ ಗಾಡಿಯ ಹಿಂದೆ ನಿಂತು ಅಕ್ಷರ ಕೂಡಿಸಿ ಓದಿದರು. ನಾನು ಕೊಡಪಾನ ಹಿಡಿದು ಹೋದಾಗ ಕೇಳಿದರು, “ಕೊರತೆಪಡೆನು ಅಂತ ಬರ್ಕಂಡು ನೀರು ಕೇಳೂಕೆ ಬಂದಿಯಲೇ ತಂಗೀ?” ನನಗೆ ಉತ್ತರ ಹೊಳೆಯಲಿಲ್ಲ. ಇವತ್ತಿಗೂ ಹೊಳೆದಿಲ್ಲ. ಬೈಬಲ್ ಶಾಲೆಯಲ್ಲಿ ಓದಿದ ನಮ್ಮವರಿಗೂ ಹೊಳೆಯಲಿಲ್ಲ.

ಮೊದಲ ವಾರ ಅಜ್ಜಿಯೋ ಸೊಸೆಯೋ ಬಾವಿಯಿಂದ ನೀರು ಸೇದಿ ನಮ್ಮ ಕೊಡಪಾನಕ್ಕೆ ಮೇಲಿಂದ ಸುರಿಯುತ್ತಿದ್ದರು. ನಾನು ಬಾವಿಕಟ್ಟೆಯಿಂದ ಎರಡು ಹೆಜ್ಜೆ ದೂರ ನಿಲ್ಲುತ್ತಿದ್ದೆ. ಕೊರೋನಾದ ದೂರವೋ ಬೇರೆ ದೂರವೋ, ಇಬ್ಬರೂ ಕೇಳಿಕೊಳ್ಳಲಿಲ್ಲ. ಹೊರಗಿನ ಬಚ್ಚಲನ್ನು ನಮಗೆ ಬಿಟ್ಟುಕೊಟ್ಟಿದ್ದರು. ದಿನಾ ಸಂಜೆ ಹಂಡೆಯಲ್ಲಿ ನೀರು ಕಾಯಿಸಿಡುತ್ತಿದ್ದರು. ಮಕ್ಕಳಿಗೆ ಆ ಬಿಸಿನೀರಿನ ರುಚಿ ಹತ್ತಿ, ಈಗಲೂ ಶಿವಮೊಗ್ಗದ ಗೀಸರಿನ ನೀರು ನೀರೇ ಅಲ್ಲ. ನಮ್ಮ ಅಕ್ಕಿ ಮುಗಿದ ದಿನ ನಾನು ಯಾರಿಗೂ ಹೇಳಿರಲಿಲ್ಲ. ಮಗ ಹೇಳಿ ಬಂದಿದ್ದ.

ಏಪ್ರಿಲ್ 12ರಂದು ಈಸ್ಟರ್. ಗಾಡಿಯ ಪಕ್ಕದ ಬಾಗಿಲು ತೆಗೆದು, ನಾವು ನಾಲ್ಕು ಜನ ಒಳಗೆ, ಆಳಿನ ಮನೆಯ ಐದು ಜನ ಅಂಗಳದಲ್ಲಿ ದೂರ ದೂರ. ಯಜಮಾನರನ್ನು ಮೊದಲೇ ಕೇಳಿದ್ದೆವು. “ನಿಮ್ಮ ಹಬ್ಬ, ನೀವು ಮಾಡಿ” ಅಂದಿದ್ದರು. ಹಾಡು ಸಣ್ಣ ದನಿಯಲ್ಲಿ ಹಾಡಿದೆವು. ಮುಗಿದ ಮೇಲೆ ಅಜ್ಜಿ ಜಗಲಿಯಿಂದ, “ಅದೇನು ಅಷ್ಟು ಪಿಸುಪಿಸು? ಹಬ್ಬ ಅಲ್ದಾ?” ಅಂದರು.

ಏಪ್ರಿಲಿನಲ್ಲಿ ಹಲಸಿನ ಹಪ್ಪಳದ ಕಾಲ. ನಾನು ಕೈ ಹಚ್ಚಿದೆ. ಅಷ್ಟು ಹೊತ್ತಿಗೆ ಮೂರನೇ ವಾರ. ಹಿಟ್ಟು ಮೆತ್ತಿದ ಕೈ ತೊಳೆಯಲು ನೀರಿಗೆ ನಿಂತಾಗ ಅಜ್ಜಿ ಹಗ್ಗವನ್ನು ಕಟ್ಟೆಯ ಮೇಲೆ ಬಿಟ್ಟು ಸೊಂಟ ಹಿಡಿದುಕೊಂಡರು. “ದಿನಾ ಎಷ್ಟೂಂತ ನಾನು ಸೇದ್ಲಿ? ನೀನೇ ಸೇದ್ಕಳೇ.” ಅಂದು ಒಳಗೆ ಹೋದರು. ನಾನು ಸ್ವಲ್ಪ ಹೊತ್ತು ಸುಮ್ಮನೆ ನಿಂತೆ. ಆಮೇಲೆ ಸೇದಿದೆ. ಆ ಮನೆಯವರೆಲ್ಲ ಅದೇ ಬಾವಿಯ ನೀರನ್ನೇ ಆ ರಾತ್ರಿ ಅಡುಗೆಗೆ ಬಳಸಿದರು.

ಇದನ್ನು ಇಷ್ಟು ವರ್ಷ ಯಾವ ಸಭೆಯಲ್ಲೂ ಹೇಳಿಲ್ಲ. ಹೇಳಿದರೆ ಕೂಡಲೇ ಯಾರಾದರೂ, ಅಜ್ಜಿ ಆಮೇಲೆ ಯೇಸುವನ್ನು ಒಪ್ಪಿಕೊಂಡರಾ ಅಂತ ಕೇಳುತ್ತಾರೆ. ಇಲ್ಲ. ಅಜ್ಜಿ ದಿನಾ ಬೆಳಿಗ್ಗೆ ತುಳಸಿಕಟ್ಟೆಗೆ ನೀರು ಹಾಕುತ್ತಿದ್ದರು, ನಾವು ಹೊರಟ ದಿನವೂ ಹಾಕಿದರು. ಆ ಅಂಗಳದಲ್ಲಿ ಉಪಕಾರ ಪಡೆದವರು ನಾವು.

ಗಾಡಿಯಲ್ಲಿ ಕಕ್ಕಸು, ದೊಡ್ಡ ಟ್ಯಾಂಕು, ಜನರೇಟರು ಎಲ್ಲ ಇದ್ದಿದ್ದರೆ ನಾವು ಊರಾಚೆಯ ಮೈದಾನದಲ್ಲಿ ನಿಲ್ಲಿಸುತ್ತಿದ್ದೆವು. ಆ ಅಮೆರಿಕದ ಕುಟುಂಬಕ್ಕೆ ಈ ಮಾತು ಬರೆದು ಕಳಿಸಿದ್ದೆ. ಆಕೆ ಉತ್ತರ ಬರೆದಿದ್ದರು, ಅವರಿಗೂ ಅತಿ ಹತ್ತಿರವಾದ ಜನ ಸಿಕ್ಕಿದ್ದು ಗಾಡಿ ಕೆಟ್ಟು ನಿಂತ ಊರುಗಳಲ್ಲೇ ಅಂತೆ.

ಇಷ್ಟು ಚೆಂದ ಇದ್ದರೆ ಯಾಕೆ ಕಡಿಮೆ ಮಾಡಿದಿರಿ ಅಂತ ಕೇಳಬಹುದು. ಮಗಳಿಗೋಸ್ಕರ. ಅವಳನ್ನು 2018ರಲ್ಲಿ ಒಂದನೇ ಕ್ಲಾಸಿಗೆ ಸೇರಿಸಿದ ಮೇಲೆ ನಮ್ಮ ತಿರುಗಾಟ ಶುಕ್ರವಾರ ಸಂಜೆಯಿಂದ ಭಾನುವಾರ, ದಸರಾ ರಜೆ, ಕ್ರಿಸ್‌ಮಸ್ ರಜೆ, ಬೇಸಿಗೆ, ಅಷ್ಟಕ್ಕೇ ಬಂತು. ನಾನೇ ಟೀಚರು, ನಾನೇ ಓದಿಸುತ್ತೇನೆ ಅಂತ ಮೊದಲು ಹಟ ಮಾಡಿದ್ದೆ. ಗಾಡಿಯ ಹಲಗೆಯ ಮೇಲೆ ಮಗ್ಗಿ, ಕಾಗುಣಿತ ಎಲ್ಲ ಬಂತು. ಬರದೇ ಇದ್ದದ್ದು ಜಗಳ. ಅವಳ ವಯಸ್ಸಿನ ಮಕ್ಕಳ ಜೊತೆ ಜಗಳ ಆಡಿ, ಮಾರನೇ ದಿನ ಮತ್ತೆ ಅದೇ ಮಕ್ಕಳ ಮುಖ ನೋಡಿ, ರಾಜಿ ಮಾಡಿಕೊಳ್ಳುವುದು. ನಾವು ಎಲ್ಲ ಕಡೆಯಿಂದಲೂ ಮೂರನೇ ದಿನ ಹೊರಟುಬಿಡುತ್ತಿದ್ದೆವು. ಅವಳಿಗೆ ಟಾಟಾ ಹೇಳುವುದು ಮಾತ್ರ ಚೆನ್ನಾಗಿ ಬಂದಿತ್ತು. ನಿಲ್ಲುವುದಕ್ಕೆ ಗಾಡಿ ಅಂತ ಆಗಲೇ ದೊಡ್ಡದಾಗಿ ಹೇಳಿದೆನಲ್ಲ, ಮಗಳ ಲೆಕ್ಕದಲ್ಲಿ ಅದು ಓಡುವ ಗಾಡಿಯೇ ಆಗಿತ್ತು.

ದುಡ್ಡಿನ ವಿಷಯವನ್ನೂ ಮುಚ್ಚಿಡುವುದಿಲ್ಲ. ಡೀಸೆಲ್ಲಿಗೆ, ಟಯರಿಗೆ ನಾನು ಟ್ಯೂಷನ್ ಹೇಳಿ ತಂದ ದುಡ್ಡೇ ಹೆಚ್ಚು ಹೋಗಿದೆ. ಆ ಮೂವತ್ತೊಂದು ಮನೆಗಳಿಂದ ಬಂದಿದ್ದು ಅಪ್ಪೆಮಿಡಿ ಉಪ್ಪಿನಕಾಯಿ, ಬಾಳೆಗೊನೆ, ಕಾಳುಮೆಣಸು. ಅದರಿಂದ ಗಾಡಿ ಓಡುವುದಿಲ್ಲ, ನಮ್ಮ ಅಡುಗೆಮನೆ ಓಡಿತು.

2024ರಲ್ಲಿ ಗಾಡಿಗೆ ಹದಿನೈದು ವರ್ಷ ತುಂಬಿತು. ನೋಂದಣಿ ಮತ್ತೆ ಮಾಡಿಸಬೇಕು, ಇಲ್ಲದಿದ್ದರೆ ಗುಜರಿ. ಮಾರಿಬಿಡೋಣ ಅಂತ ನಾನೇ ಹೇಳಿದೆ. ನಮ್ಮವರು ಮಾತಾಡಲಿಲ್ಲ. ಆಶ್ಚರ್ಯ ಅಂದರೆ, ಬೇಡ ಅಂದವಳು ಮಗಳು. ತಾನು ಬರುವುದಿಲ್ಲ, ತನಗೆ ಪರೀಕ್ಷೆ ಇದೆ, ಗೆಳತಿಯರಿದ್ದಾರೆ, ಆದರೆ ಮಾರುವುದು ಬೇಡ ಅಂದಳು. ಬ್ರೇಕು, ಬಣ್ಣ, ಲೈಟು ಎಲ್ಲ ಸರಿ ಮಾಡಿಸಿ ತಪಾಸಣೆಗೆ ಕೊಟ್ಟೆವು. ಹಿಂದಿನ ಗಾಜಿನ ಮೇಲಿನ ವಚನ ಮಾಸಿತ್ತು, ಬಣ್ಣದವನು ಮತ್ತೆ ಬರೆಯಲಾ ಅಂತ ಕೇಳಿದ. ಮೊದಲ ಅರ್ಧ ಬರಿ ಸಾಕು ಅಂದೆ. ಐದು ವರ್ಷಕ್ಕೆ ನವೀಕರಣ ಆಗಿದೆ. ಅದು ಮುಗಿಯುವ ಹೊತ್ತಿಗೆ ಮಗಳಿಗೆ ಹದಿನೇಳು ತುಂಬಿರುತ್ತದೆ. ಈ ಕ್ರಿಸ್‌ಮಸ್ ರಜೆಯಲ್ಲಿ ಒಂಬತ್ತು ದಿನ ಹೊಸನಗರದ ಕಡೆ ಹೋಗುತ್ತೇವೆ. ಅಜ್ಜಿ ಈಗ ಇಲ್ಲ. ಸೊಸೆ ಫೋನು ಮಾಡಿ, ಬಾವಿಗೆ ಪಂಪು ಕೂರಿಸಿದ್ದೇವೆ, ಹಗ್ಗ ಮಾತ್ರ ತೆಗೆದಿಲ್ಲ ಅಂದಿದ್ದಾರೆ.